ಬೈಂದೂರಿನಿಂದ ಬೆಂಗಳೂರಿನ ಸ್ವಿಚ್ಚಿಗೆ

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಅಂದದ್ದೇ ತಡ, ಬೆಂಗಳೂರು ಸೇರಿದ್ದ ನಮ್ಮ ಕಡೆಯ ಮಕ್ಕಳು ಊರ ದಾರಿ ಹಿಡಿದರು. ಲ್ಯಾಪ್‌ಟಾಪ್ ಇದ್ದವರು ಬಚಾವ್. ಕಂಪ್ಯೂಟರನ್ನು ಆಫೀಸಿನಲ್ಲೇ ಬಿಟ್ಟು ಬಂದವರ ಪಾಡು ಬೇರೆ. ಅಂಥವರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ಲೆಕ್ಕಪತ್ರದ ಕೆಲಸ. ಟ್ಯಾಲಿ ಇರುವುದು ಡೆಸ್ಕ್‌ಟಾಪಿನಲ್ಲಿ, ಡೆಸ್ಕ್‌ಟಾಪ್ ಇರುವುದು ಬೆಂಗಳೂರಿನಲ್ಲಿ, ಇವನಿರುವುದು ಬೈಂದೂರಿನಲ್ಲಿ. ಕೊರೊನಾ ಹೋದರೂ ಅಭ್ಯಾಸ ಹೋಗಲಿಲ್ಲ. ಮಳೆಗಾಲ ಹಿಡಿಯಿತೆಂದರೆ ಒಂದಿಷ್ಟು ದಿನ ಊರಿನಿಂದಲೇ ಕೆಲಸ.

ಏರ್ಪಾಡು ಹೇಳಲಿಕ್ಕೆ ಸುಲಭ. ವಿಪಿಎನ್ ಎಂಬ ಒಳದಾರಿಯಲ್ಲಿ ಆಫೀಸಿನ ನೆಟ್‌ವರ್ಕ್ ಹೊಕ್ಕು, ರಿಮೋಟ್ ಡೆಸ್ಕ್‌ಟಾಪಿಗೆಂದೇ ಇಟ್ಟಿರುವ 3389ನೇ ನಂಬರಿನ ಬಾಗಿಲು ತಟ್ಟಬೇಕು. ಅದನ್ನು ನೇರ ಇಂಟರ್ನೆಟ್ಟಿಗೆ ತೆರೆದಿಟ್ಟರೆ ಇವನಿಗಿಂತ ಮೊದಲು ಕಳ್ಳರು ನುಗ್ಗುತ್ತಾರೆ, ಅದಕ್ಕೇ ಒಳದಾರಿ. ಆದರೆ ಒಳಗಿನ ಕಂಪ್ಯೂಟರ್ ನಿದ್ದೆ ಹೋಗಿದ್ದರೆ ಎಷ್ಟು ತಟ್ಟಿದರೂ ಅಷ್ಟೆ. ಎಬ್ಬಿಸಲಿಕ್ಕೆ 'ಮ್ಯಾಜಿಕ್ ಪ್ಯಾಕೆಟ್' ಎಂಬುದೊಂದಿದೆ (ಹೆಸರು ನಾನಿಟ್ಟದ್ದಲ್ಲ). ಅದಕ್ಕೆ ಮೊದಲೇ ಸೆಟ್ಟಿಂಗ್ ಮಾಡಿಟ್ಟಿರಬೇಕು. ಯಾರು ಮಾಡಿಟ್ಟಿರುತ್ತಾರೆ?

ಈಚೆ ಕಡೆಯದ್ದು ಇನ್ನೊಂದು ಕತೆ. ನಮ್ಮಲ್ಲಿ ಗುಡುಗಿತೆಂದರೆ ಟಿವಿ, ಮೋಡೆಮ್ ಎಲ್ಲದರ ವಯರ್ ಕೀಳುವುದು ಮನೆಯ ಹಿರಿಯರ ಹಕ್ಕು. ಬ್ರಹ್ಮಾವರದಲ್ಲಿ ಸೊಸೆ ಮೀಟಿಂಗಿನಲ್ಲಿ ಮ್ಯಾನೇಜರಿಗೆ ಉತ್ತರ ಕೊಡಲು ಬಾಯಿ ತೆರೆದಿದ್ದಳು, ನಮ್ಮಣ್ಣ ಹೋಗಿ ಕಿತ್ತ. ಸೊಸೆ ಬೇಸರ ಮಾಡಿಕೊಳ್ಳಲಿಲ್ಲ. ಉತ್ತರ ಅವಳಿಗೆ ಗೊತ್ತಿರಲಿಲ್ಲವಂತೆ.

ಬೈಂದೂರಿನಲ್ಲಿ ನಡೆದದ್ದು ಅದಕ್ಕಿಂತ ಚೆಂದ. ಸಂಪರ್ಕ ಸಿಗದೆ ಅಳಿಯ ಆಫೀಸಿನ ಐಟಿಯವರಿಗೆ ಫೋನ್ ಮಾಡಿದ. ಎನಿಡೆಸ್ಕ್ (ದೂರದಲ್ಲಿದ್ದವರು ನಮ್ಮ ಕಂಪ್ಯೂಟರನ್ನು ನಡೆಸಲಿಕ್ಕಾಗುವ ಆ್ಯಪ್) ಹಾಕಿಕೊಳ್ಳಿ, ಅದರಲ್ಲಿ ಕಾಣುವ ನಂಬರ್ ಓದಿ ಅಂದರು. ಇವನು ಸ್ಪೀಕರ್ ಹಾಕಿಕೊಂಡು ಒಂದೊಂದೇ ಅಂಕಿ ಓದತೊಡಗಿದ. ತಂಗಿ ಅಡುಗೆಮನೆಯಲ್ಲಿ ಪತ್ರೊಡೆಗೆಂದು ಕೆಸುವಿನ ಎಲೆಗೆ ಹಿಟ್ಟು ಹಚ್ಚುತ್ತಿದ್ದಳು. ಎನಿಡೆಸ್ಕ್ ಹಾಕಿಸಿ ದುಡ್ಡು ಹೊಡೆಯುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಆ ಮಾತು ಅವಳ ಸ್ವಸಹಾಯ ಸಂಘದ ಸಭೆಗೂ ಬಂದು ಗಟ್ಟಿಯಾಗಿ ಕೂತಿತ್ತು. ಐದನೇ ಅಂಕಿಗೆ ಹಿಟ್ಟಿನ ಕೈಯಲ್ಲೇ ಓಡಿಬಂದು ಪ್ಲಗ್ ಎಳೆದಳು.

"ನಂಬ್ರ್ ಯಾರಿಗೂ ಹೇಳುಕಾಗ ಅಂದ್ ಎಷ್ಟ್ ಸಲ ಹೇಳ್ಕ್ ನಿಂಗೆ?"

"ಅಮ್ಮಾ, ಅದ್ ನಮ್ಮ್ ಆಫೀಸಿನವ್ರ್!"

"ಎಲ್ಲರೂ ಹಾಂಗೇ ಹೇಳುದ್."

ಐಟಿಯವರೂ ಆಮೇಲೆ ಅವಳದ್ದೇ ಸರಿ ಅಂದರು. ಸಂಜೆಗೆ ಗೊತ್ತಾಯಿತು: ಭಾನುವಾರ ಆಫೀಸಿನಲ್ಲಿ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಕಂಪ್ಯೂಟರ್ ಪೂರ್ತಿ ಆಫ್ ಆಗಿತ್ತು. ಇಷ್ಟೆಲ್ಲ ಪಾಸ್‌ವರ್ಡು, ಓಟಿಪಿ ಇದ್ದೂ ಬೇಕಾದದ್ದು ಬೆಂಗಳೂರಿನಲ್ಲಿ ಒಂದು ಬೆರಳು.

ರಾತ್ರಿ ಸೆಕ್ಯೂರಿಟಿಯವರಿಗೆ ಫೋನ್ ಹೋಯಿತು. ಹಿಂದಿ, ಇಂಗ್ಲಿಷು, ಬೆಂಗಳೂರು ಕನ್ನಡ ಯಾವುದಕ್ಕೂ ಅವರು ಜಗ್ಗಲಿಲ್ಲ. ಮೇಲಿನವರ ಪರ್ಮಿಶನ್ ಬೇಕಂತೆ. ರೋಸಿ ಹೋದ ಅಳಿಯನ ಬಾಯಿಂದ "ಎಂತ ಮಾರಾಯ್ರೆ ನೀವ್" ಎಂದು ಹೊರಬಿತ್ತು. ಅತ್ತಲಿನ ದನಿಯೇ ಬದಲಾಯಿತು.

"ಹ್ವಾಯ್, ನೀವ್ ನಮ್ಮ್ ಬದಿಯವ್ರಾ? ನಂದ್ ಊರ್ ಶಂಕರನಾರಾಯಣ. ಯಾವ್ ಸಿಸ್ಟಮ್ ಹೇಳಿ, ಈಗ್ಳೇ ಒತ್ತಿ ಬತ್ತೆ."

ಪರ್ಮಿಶನ್ ಎಲ್ಲಿ ಹೋಯಿತೋ. ಕಂಪ್ಯೂಟರ್ ಆನ್ ಆಯಿತು, ಟ್ಯಾಲಿ ತೆರೆಯಿತು. ಫೋನ್ ಇಡುವ ಮೊದಲು ಅವರದ್ದೂ ಒಂದು ಕೇಳಿಕೆ: ಊರಲ್ಲಿ ಅಮ್ಮನ ಮೊಬೈಲ್ ಎರಡು ದಿನದಿಂದ ತಾಗುತ್ತಿಲ್ಲ, ಮಳೆ ಬೇರೆ, ಯಾರಾದರೂ ಒಮ್ಮೆ ನೋಡಿ ಬರಬಹುದಾ?

ಅಳಿಯ ಆ ಕೆಲಸವನ್ನು ಕುಂದಾಪುರದ ಮಾವನಿಗೆ ದಾಟಿಸಿದ. ಹೀಗೆ ಬೆಂಗಳೂರಿನ ಒಂದು ಕಂಪ್ಯೂಟರಿನ ದೆಸೆಯಿಂದ ನಾನು ಮರುದಿನ ಬಸ್ಸು ಹತ್ತಿ, ಹಾಲಾಡಿ ದಾಟಿ, ಗುರುತಿಲ್ಲದವರ ಅಂಗಳದಲ್ಲಿ ಕೊಡೆ ಹಿಡಿದು ನಿಂತಿದ್ದೆ. ಅಮ್ಮ ಗಟ್ಟಿಯಾಗಿದ್ದರು. ಕಾಫಿ ಕೊಟ್ಟರು, ಅಕ್ಕಿ ಡಬ್ಬದ ಮೇಲಿಂದ ಮೊಬೈಲ್ ತಂದುಕೊಟ್ಟರು. ಸಿಗ್ನಲ್ ಕಡ್ಡಿಗಳಿರಬೇಕಾದಲ್ಲಿ ಪುಟ್ಟ ವಿಮಾನ. ಮೊಮ್ಮಗನ ಕೆಲಸ.

"ಆಟದ್ ಮಧ್ಯ ಅಪ್ಪಯ್ಯನ್ ಫೋನ್ ಬಂದ್ರೆ ಔಟ್ ಆತ್ತ್ ಅಂಬ್ರ್" ಎಂದು ಅಜ್ಜಿ ಅವನ ಪರ ವಹಿಸಿದರು.