ಸೇವಂತಿಗೆಗೂ ನಿದ್ದೆಗೇಡು

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಹೊಲದ ತುಂಬ ಬಲ್ಬು ಉರಿಯುವುದು ಕಂಡಿರುತ್ತದೆ. ಜಾತ್ರೆಯಲ್ಲ, ಮದುವೆಯಲ್ಲ; ಸೇವಂತಿಗೆಯ ನಿದ್ದೆ ಕೆಡಿಸುವ ಏರ್ಪಾಡು. ಇರುಳು ಉದ್ದವಾದರೆ ತಾನೇ ಅದು ಮೊಗ್ಗು ಕಟ್ಟುವುದು? ರಾತ್ರಿ ದೀಪ ಹಾಕಿದರೆ ಇನ್ನೂ ಹಗಲೇ ದೊಡ್ಡದೆಂದು ನಂಬಿ, ಮೊಗ್ಗಿನ ಯೋಚನೆ ಬಿಟ್ಟು ಬೆಳೆಯುತ್ತಲೇ ಇರುತ್ತದೆ. ಊರಿನ ಹೊಲವೆಲ್ಲ ಒಟ್ಟಿಗೆ ಅರಳಿ ಬೆಲೆ ಬೀಳುವ ಬದಲು, ಬೇಕಾದ ಹಬ್ಬ ಲೆಕ್ಕ ಹಾಕಿ ದೀಪ ಆರಿಸಿದರಾಯಿತು. ಗಿಡಕ್ಕೇ ಟೋಪಿ ಹಾಕುವ ಈ ಜಾಣರು ಸಾಕುವ ವಿಷಯಕ್ಕೆ ಬಂದರೆ ಮಾತ್ರ ಯಾಕಿಷ್ಟು ಕರುಳಿನವರಾಗುತ್ತಾರೋ!

ನಮ್ಮ ಭಾವನವರನ್ನೇ ನೋಡಿ. ನೆಟ್ಟು ನಾಲ್ಕು ವಾರಕ್ಕೆ ಕುಡಿ ಚಿವುಟಬೇಕು. ತುದಿ ಹೋದರೆ ಪಕ್ಕದ ಕಣ್ಣು ಒಡೆದು ಕವಲು ಹೆಚ್ಚುತ್ತದೆ, ಕವಲು ಹೆಚ್ಚಿದಷ್ಟೂ ಹೂವು. ಇವರೋ, "ಅಯ್ಯೋ ಪಾಪ, ಎಳೇ ಚಿಗುರು ಕಣಯ್ಯ" ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. (ಕೂಲಿ ಕೊಡುವ ದಿನ ಈ ಪಾಪ ಎಲ್ಲಿರುತ್ತದೋ!) ಗಿಡ ಸುಮ್ಮನೆ ಉದ್ದಕ್ಕೆ ಹೋಯಿತೆಂದು ಆಮೇಲೆ ಮುಷ್ಟಿ ಮುಷ್ಟಿ ಯೂರಿಯಾ. ಎಲೆ ಕಡುಹಸಿರು, ಕಾಂಡ ಮೆತ್ತಗೆ, ಹೇನುಗಳಿಗೆ ಮದುವೆಯೂಟ.

ಸಂಜೆಯಾದರೆ ಪೈಪು ಹಿಡಿದು ಗಿಡದ ತಲೆಗೇ ನೀರು. ಒತ್ತಾಗಿ ನೆಟ್ಟಿದ್ದರಿಂದ ಗಾಳಿಯಾಡದೆ ಎಲೆ ಬೆಳಗಿನವರೆಗೂ ಒದ್ದೆ. ಎಲೆಚುಕ್ಕೆಯ ಶಿಲೀಂಧ್ರ ಮೊಳೆಯಲು ಕಾಯುವುದೇ ಆ ಒದ್ದೆಗೆ. ಸಿಡಿಯುವ ಹನಿಯ ಬೆನ್ನೇರಿ ಕೆಳಗಿನ ಎಲೆಯಿಂದ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಬುಡಕ್ಕೆ ಡ್ರಿಪ್ ಹಾಕಿಸಿ ಎಂದರೆ, "ತೊಟ್ಟು ತೊಟ್ಟು ಬಿಡೋಕೆ ನಾನೇನು ಜಿಪುಣನೇ?" ಎಂಬ ಉತ್ತರ.

ಇದೆಲ್ಲಕ್ಕಿಂತ ಘನವಾದದ್ದು ಅವರ ಉಳಿತಾಯ. ಹೋದ ಸಲ ಸೊರಗಿ ಸತ್ತ ಸಾಲುಗಳಲ್ಲಿ ಉಳಿದ ಕಂದುಗಳನ್ನೇ ಕಿತ್ತು ಅದೇ ಹೊಲಕ್ಕೆ ನೆಡುತ್ತಾರೆ. ಕಂದು ಪುಕ್ಕಟೆ, ಜೊತೆಗೆ ಬರುವ ರೋಗವೂ ಪುಕ್ಕಟೆ. ದುಡ್ಡು ಬೀಳುವುದು ಔಷಧಿ ಅಂಗಡಿಯಲ್ಲಿ. ಬೇರಿಗೆ ಬಿದ್ದ ರೋಗಕ್ಕೆ ಎಲೆಯ ಮೇಲೆ ಸಿಂಪಡಿಸಿ, ಕಂಪನಿಯನ್ನು ಬೈದು ಬರುತ್ತಾರೆ.

ಭಾವ, ಈ ಸಲವಾದರೂ ಚೆನ್ನಾಗಿರುವ ಗಿಡದ ತುದಿಕಡ್ಡಿ ತಂದು, ಬೇರು ಬರಿಸಿ, ಸೇವಂತಿಗೆ ಕಾಣದ ಬೇರೆ ತಾಕಿನಲ್ಲಿ ನೆಡಿ. ನೀರನ್ನು ಬೆಳಗ್ಗೆಯೇ ಬುಡಕ್ಕೆ ಕೊಡಿ. ಕುಡಿ ಚಿವುಟಲು ನಿಮಗೆ ಮನಸ್ಸು ಬಾರದಿದ್ದರೆ ನಮ್ಮ ಅಕ್ಕನನ್ನು ಹೊಲಕ್ಕೆ ಕಳಿಸಿ. ಚಿವುಟುವುದರಲ್ಲಿ ಅವಳ ಕೈ ಎಂಥದೆಂದು ಚಿಕ್ಕಂದಿನಿಂದ ನನಗೆ ಗೊತ್ತು.