ಪಹಣಿಯ ದೇಹಾಂತರ ಪ್ರಕರಣ: ಒಂದು ಗಂಭೀರ ಜಿಜ್ಞಾಸೆ

ಸರ್ವರ್ ಎಂಬ ಅಗೋಚರ ಲೋಕದಿಂದ ಜೆಸಾನ್ (JSON) ಎಂಬ ದತ್ತಾಂಶ ರೂಪದ ಸೂಕ್ಷ್ಮಶರೀರ ಧರಿಸಿ ಹೊರಡುವ ಪಹಣಿಯು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ರೈತನ ಮೊಬೈಲನ್ನು ಹೊಕ್ಕು, ಅಲ್ಲಿ ಮಾಡೆಲ್ ಆಬ್ಜೆಕ್ಟ್ ಎಂಬ ಸ್ಥೂಲಶರೀರವನ್ನು ಪಡೆಯುತ್ತದೆ. ಈ ದೇಹಾಂತರದಲ್ಲಿ ಹೊಲ ಎಷ್ಟು ಉಳಿಯುತ್ತದೆ, ಎಷ್ಟು ಉದುರುತ್ತದೆ ಎಂಬುದೇ ಪ್ರಸ್ತುತ ಪ್ರಬಂಧದ ಪ್ರಮೇಯ. ಈ ವಿಷಯದಲ್ಲಿ ಪೂರ್ವಸೂರಿಗಳು ಮೌನವಾಗಿರುವುದರಿಂದ ನಮ್ಮನ್ನು ಖಂಡಿಸಲು ಯಾರಿಗೂ ಆಧಾರ ಸಿಗದು. ಸಂಶೋಧಕನಿಗೆ ಇದಕ್ಕಿಂತ ಸುಖದ ಸ್ಥಿತಿ ಇನ್ನೊಂದಿಲ್ಲ.

ಮೊದಲು ಕಾಲನಿರ್ಣಯ. ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳನ್ನು ತಲಾಟಿಗಳ ದಫ್ತರದಿಂದ ಕಂಪ್ಯೂಟರಿಗೆ ಏರಿಸಿದ್ದು 2000ದ ಆಸುಪಾಸಿನಲ್ಲಿ. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಜೆಸಾನ್‌ಗೆ ರೂಪ ಕೊಟ್ಟದ್ದು 2001ರಲ್ಲಿ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಸಾಧಿಸುವ ಆಸೆಯನ್ನು ಬಹಳ ಕಷ್ಟಪಟ್ಟು ಹತ್ತಿಕ್ಕಿದ್ದೇವೆ.

ಜೆಸಾನ್ ದರ್ಶನದಲ್ಲಿ ಪದಾರ್ಥಗಳು ಆರು: ಸ್ಟ್ರಿಂಗ್, ನಂಬರ್, ಬೂಲಿಯನ್, ನಲ್, ಆಬ್ಜೆಕ್ಟ್, ಅರೇ. ಕಣಾದನ ವೈಶೇಷಿಕದಲ್ಲೂ ಪದಾರ್ಥಗಳು ಆರೇ! ಅಭಾವವನ್ನು ಏಳನೆಯದಾಗಿ ಸೇರಿಸಿದವರು ಆಮೇಲಿನವರು. ಕ್ರಾಕ್‌ಫರ್ಡ್ ಮಾತ್ರ ದೂರಾಲೋಚನೆಯಿಂದ ಅಭಾವವನ್ನು ನಲ್ ರೂಪದಲ್ಲಿ ಮೊದಲೇ ಆರರೊಳಗೆ ಕೂರಿಸಿಬಿಟ್ಟಿದ್ದಾನೆ. ಆದರೆ ಅಭಾವದಲ್ಲಿ ನಾಲ್ಕು ಬಗೆ ಇವೆಯೆಂಬುದನ್ನು ಆತ ಗಮನಿಸಲಿಲ್ಲ. ಬೆಳೆಯ ಕಾಲಂನಲ್ಲಿ ನಲ್ ಬಂದರೆ ತೊಗರಿ ಇನ್ನೂ ಬಿತ್ತಿಲ್ಲ, ಅದು ಪ್ರಾಗಭಾವ. ಖಾಲಿ ಸ್ಟ್ರಿಂಗ್ ಬಂದರೆ ಯಾರೋ ಬರೆದು ಅಳಿಸಿದ್ದಾರೆ, ಅದು ಪ್ರಧ್ವಂಸಾಭಾವ. ಕೀಲಿಯೇ ಬರದಿದ್ದರೆ ಅತ್ಯಂತಾಭಾವ. ನಂಬರ್ ಬರಬೇಕಾದಲ್ಲಿ ಸ್ಟ್ರಿಂಗ್ ಬಂದರೆ ಅನ್ಯೋನ್ಯಾಭಾವ. 2017ರಲ್ಲಿ ಸ್ವಿಫ್ಟ್ ಭಾಷೆಯ 4ನೆಯ ಆವೃತ್ತಿಯೊಂದಿಗೆ ಬಂದ ಕೋಡಬಲ್ ಸಂಪ್ರದಾಯದವರು ಇವುಗಳಲ್ಲಿ ಮೂರಕ್ಕೆ ಮೂರು ಬೇರೆ ಬೇರೆ ಎರರ್‌ಗಳನ್ನು ಎಸೆದು ತಮ್ಮ ಪಾಂಡಿತ್ಯ ಮೆರೆದರು. ಆದರೆ ಟೈಪಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವ ಆಪ್ಷನಲ್ ಪಂಥದವರು ಕೀಲಿಯಿಲ್ಲದಿರುವುದನ್ನೂ ನಲ್ ಇರುವುದನ್ನೂ ಒಂದೇ ಪಾತ್ರೆಗೆ ಸುರಿದು ಅದ್ವೈತ ಸಾರುತ್ತಾರೆ.

ಇನ್ನು ಪಹಣಿಯಲ್ಲಿ ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಸರ್ನಾಕ್ ಎಂಬ ಮನೆಯೊಂದಿದ್ದು, ಅಲ್ಲಿ ಬಹುತೇಕ ಒಂದು ನಕ್ಷತ್ರ ಚಿಹ್ನೆ ವಾಸವಾಗಿರುತ್ತದೆ. ಅದು ಭಾವವೂ ಅಲ್ಲ, ಅಭಾವವೂ ಅಲ್ಲ. ಈ ಐದನೆಯ ಬಗೆಯನ್ನು ಕಣಾದನೂ ಕಂಡಿರಲಿಲ್ಲ. ಇದರ ಅರ್ಥವೇನೆಂದು ಬೆಂಗಳೂರಿನ ಡೆವಲಪರ್ ಕೇಳುತ್ತಾನೆ. ಅಫಜಲಪುರದ ರೈತ ಎಂದೂ ಕೇಳಿದವನಲ್ಲ.

ಈಗ ಪ್ರಬಂಧದ ಹೃದಯಭಾಗವಾದ ವಿಸ್ತೀರ್ಣ ಮೀಮಾಂಸೆ. ಪಹಣಿ 5.30 ಎನ್ನುತ್ತದೆ. ಹೊಲದ ಬದುವಿನ ಮೇಲೆ ನಿಂತವನಿಗೆ ಅದು ಐದು ಎಕರೆ ಮೂವತ್ತು ಗುಂಟೆ. ಜೆಸಾನ್ ಬಿಡಿಸುವ ಡಿಕೋಡರ್ ಅದನ್ನು ಡಬಲ್ ಎಂಬ ದಶಮಾಂಶ ಯೋನಿಯಲ್ಲಿ ಹುಟ್ಟಿಸಿದೊಡನೆ ಕೊನೆಯ ಸೊನ್ನೆ ನಿರರ್ಥಕವೆಂದು ಉದುರಿ 5.3 ಉಳಿಯುತ್ತದೆ. ಪರದೆಯ ಮೇಲೆ ಐದು ಎಕರೆ ಮೂರು ಗುಂಟೆ. "ಸಾಹೇಬ್ರ, ನಂದು ಇಪ್ಪತ್ತೇಳು ಗುಂಟಿ ಎಲ್ಲಿ ಹೋಯ್ತರಿ?" ಎಂದು ಕೇಳುವವನಿಗೆ ತಹಶೀಲ್ದಾರರಾದರೂ ಏನು ಹೇಳಿಯಾರು? ಒತ್ತುವರಿ ಮಾಡಿದವನು ಪಕ್ಕದ ಹೊಲದವನಲ್ಲ, ಫ್ಲೋಟಿಂಗ್ ಪಾಯಿಂಟ್. ಅಣ್ಣತಮ್ಮಂದಿರ ಎರಡು ತುಂಡುಗಳನ್ನು ಕೂಡಿಸಹೊರಟರೆ ಇನ್ನೂ ಸ್ವಾರಸ್ಯ: 2.25ಕ್ಕೆ 1.20 ಸೇರಿ 3.45. ನಲವತ್ತು ಗುಂಟೆಗೇ ಎಕರೆ ತುಂಬಿಹೋಗುವುದರಿಂದ ನಿಜವಾದ ಉತ್ತರ ನಾಲ್ಕು ಎಕರೆ ಐದು ಗುಂಟೆ. ಎರಡನೆಯ ಚುಕ್ಕಿಯಿಟ್ಟು ಆಣೆಯನ್ನೂ ಬರೆದಿದ್ದರೆ ಡಿಕೋಡರ್ ಅಲ್ಲಿಯೇ ಪ್ರಾಣ ಬಿಡುತ್ತದೆ. ಅದೇ ಮೇಲು, ಸತ್ತ ಆಪ್ ಸುಳ್ಳು ಹೇಳುವುದಿಲ್ಲ.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದುನಿಂತು, ಎಲ್ಲವನ್ನೂ ಸ್ಟ್ರಿಂಗ್ ಎಂದೇ ಇಟ್ಟುಕೊಂಡರೆ ತಂಟೆಯಿಲ್ಲವಲ್ಲ ಎನ್ನುತ್ತಾನೆ. ಸರ್ವೆ ನಂಬರಿಗೆ ಈ ಮಾತು ಸರಿ. ಅದನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ. ವಿಸ್ತೀರ್ಣಕ್ಕೆ ಒಪ್ಪಲಾಗದು, ಬೆಳೆ ವಿಮೆಯ ಲೆಕ್ಕ ಸ್ಟ್ರಿಂಗಿನಿಂದ ಆಗುವುದಿಲ್ಲ. ಗುಂಟೆಗೆ ಹದಿನಾರು ಆಣೆಯಂತೆ ಎಲ್ಲವನ್ನೂ ಆಣೆಗಿಳಿಸಿ ಪೂರ್ಣಾಂಕವಾಗಿ ಇಡಬೇಕೆಂಬುದೇ ನಮ್ಮ ಸಿದ್ಧಾಂತ. ಮೇಲಿನ 5.30ರ ಹೊಲ ಆಗ 3680 ಆಣೆ. ನಾಣ್ಯವಾಗಿ ಸತ್ತ ಆಣೆ ನೆಲದಲ್ಲಿ ಬದುಕಿರುವುದು ಇದಕ್ಕೇ ಇರಬೇಕು.

ಒಡೆತನದ ಕಾಲಂನಲ್ಲಿ ನವ್ಯ ಡೆವಲಪರ್ ಮಾಲೀಕ ಎಂಬ ಒಂದೇ ಆಬ್ಜೆಕ್ಟ್ ಇಡುತ್ತಾನೆ. ಆದರೆ ಕಲಬುರಗಿ ಜಿಲ್ಲೆಯ ಮರತೂರಿನವನೆನ್ನಲಾದ ವಿಜ್ಞಾನೇಶ್ವರನು ಮಿತಾಕ್ಷರದಲ್ಲಿ ಪಿತ್ರಾರ್ಜಿತಕ್ಕೆ ಮಗ ಹುಟ್ಟಿದೊಡನೆಯೇ ಹಕ್ಕುದಾರ ಎಂದು ನಿರ್ಣಯಿಸಿದ್ದಾನೆ. ಅಂದರೆ ಇಲ್ಲಿ ಬೇಕಾದದ್ದು ಅರೇ, ಅದೂ ತೊಟ್ಟಿಲು ಕಟ್ಟಿದಾಗಲೆಲ್ಲ ಬೆಳೆಯುವ ಅರೇ. ಹೆಸರಿನ ಪಾಡೂ ಹೀಗೆಯೇ. "ಮಹಾದೇವಿ ಗಂಡ ಸಿದ್ದಪ್ಪ" ಎಂಬ ದಾಖಲೆಯನ್ನು ಮೂರಾಗಿ ಕತ್ತರಿಸಿದ ಆಪ್, ಆಕೆಯ ನಡುಹೆಸರು ಗಂಡ ಎಂದು ತೋರಿಸುತ್ತದೆ.

ಮೂರು ತಾಲ್ಲೂಕುಗಳಲ್ಲಿ ಜೇವರ್ಗಿಗೆ ವಿಶೇಷ ಶಾಪವಿದೆ. ಅದರ ಮೊದಲಕ್ಷರದ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಹಾಗೂ ದೀರ್ಘ ಎಂದು ಒಡೆದೂ ಬರೆಯಬಹುದು; ಕಣ್ಣಿಗೆ ಎರಡೂ ಒಂದೇ. ಇವೆರಡನ್ನು ಹೋಲಿಸಿದರೆ ಐಫೋನಿನ ಸ್ವಿಫ್ಟ್ ಒಂದೇ ಊರು ಎನ್ನುತ್ತದೆ, ಆಂಡ್ರಾಯ್ಡ್‌ನ ಕೋಟ್ಲಿನ್ ಬೇರೆ ಬೇರೆ ಎನ್ನುತ್ತದೆ. ಕಂದಾಯ ಇಲಾಖೆ ಎರಡು ಕಡೆಯಿಂದ ಮಾಹಿತಿ ತರಿಸಿದರೆ ಆಂಡ್ರಾಯ್ಡ್ ರೈತನ ಹೊಲ ಯಾವ ಜೇವರ್ಗಿಯಲ್ಲಿದೆ ಎಂಬುದು ಇನ್ನೊಂದು ಮಹಾಪ್ರಬಂಧಕ್ಕೆ ವಸ್ತು.

ಕೊನೆಗೆ ಈನಮ್ ಎಂಬ ಸ್ಥಿರ ಪಟ್ಟಿಯ ಪ್ರಕರಣ. ತಾಲ್ಲೂಕುಗಳು ಶಾಶ್ವತವೆಂದು ನಂಬಿ ಅವನ್ನು ಕೋಡಿನೊಳಗೆ ಶಿಲಾಶಾಸನದಂತೆ ಕೆತ್ತಿದವರಿದ್ದಾರೆ. ಅಷ್ಟರಲ್ಲಿ ಜೇವರ್ಗಿಯಿಂದ ಯಡ್ರಾಮಿ ಒಡೆದು ಬೇರೆ ತಾಲ್ಲೂಕಾಯಿತು. ಕಟ್ಟುನಿಟ್ಟಿನ ಪಂಥದವರ ಆಪ್ ಯಡ್ರಾಮಿ ಎಂಬ ಹೆಸರು ಕಂಡೊಡನೆ ಮುಚ್ಚಿಕೊಂಡಿತು. ಉದಾರ ಪಂಥದವರು ಆ ರೈತನನ್ನು "ಅಜ್ಞಾತ" ಎಂಬ ತಾಲ್ಲೂಕಿಗೆ ಸೇರಿಸಿ, ಬೆಳೆ ಸಮೀಕ್ಷೆಗಾಗಿ ಅಜ್ಞಾತದಲ್ಲಿರುವ ತನ್ನ ಹೊಲದಲ್ಲಿ ನಿಂತು ತೊಗರಿಯ ಫೋಟೊ ತೆಗೆದು ಕಳಿಸುವಂತೆ ವಿನಂತಿಸಿಕೊಂಡರು.