ಸ್ವಲ್ಪ ಮುಟ್ಟಿ ನೋಡಿ, ಸ್ವಾಮಿ

ಮೈಗೆ ಏನಾದರೂ ಆದರೆ ಜನ ಡಾಕ್ಟರ ಹತ್ತಿರ ಹೋಗುತ್ತಾರೆ. ನಮ್ಮ ರಾಯರು ಡಾಕ್ಟರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರ ಹತ್ತಿರವೂ ಹೋಗುತ್ತಾರೆ. ಕೆಇಬಿಯಲ್ಲಿ ಸೂಪರಿಂಟೆಂಡೆಂಟಾಗಿ ನಿವೃತ್ತರಾದವರು. ಹತ್ತು ಟೇಬಲ್ ಸುತ್ತದ ಫೈಲು ಫೈಲೇ ಅಲ್ಲ ಎಂಬ ನಂಬಿಕೆ ಸರ್ವೀಸಿನಿಂದ ಬಂದದ್ದು. ಹಾಗಾಗಿ ಒಂದು ಬೆಳಿಗ್ಗೆ ಬಲದವಡೆಯ ಕೆಳಗೆ ಗಂಟೊಂದು ಕೈಗೆ ಸಿಕ್ಕಿದ ಕೂಡಲೇ ಅದನ್ನು ಸುತ್ತಿಸಲು ಹೊರಟರು.

ಮೊದಲ ಟೇಬಲ್ಲು ಕುಕ್ಕರಹಳ್ಳಿ ಕೆರೆ ಏರಿ. ಎದುರು ಸಿಕ್ಕವರ ಮುಂದೆ ಮಫ್ಲರ್ ಬಿಚ್ಚಿ, ಗಲ್ಲ ಆಕಾಶಕ್ಕೆತ್ತಿ, “ಸ್ವಲ್ಪ ಮುಟ್ಟಿ ನೋಡಿ, ಸ್ವಾಮಿ” ಎಂದು ನಿಲ್ಲುವರು. ಮುಟ್ಟದೆ ಹೋದರೆ ಬೇಜಾರು. ಮುಟ್ಟಿದರೆ, “ಹಾಗಲ್ಲ, ಎರಡು ಬೆರಳಲ್ಲಿ ಒತ್ತಿ. ಜಾರುತ್ತಲ್ಲ, ಅದೇ!” ಕ್ಷೌರದಂಗಡಿಯವನು ಅವರೆಕಾಳಿನಷ್ಟಿದೆ ಎಂದ. ಪಕ್ಕದ ಮನೆಯ ಮೇಷ್ಟ್ರು ಹುಣಿಸೇಬೀಜ ಎಂದು ತಿದ್ದಿದರು. ಅಮೆರಿಕದ ಮಗಳಿಗೆ ವಿಡಿಯೋ ಕಾಲಿನಲ್ಲಿ ರಾಯರೇ, “ನಿಂಬೆಹಣ್ಣು ಅಂತ ಇಟ್ಟುಕೋಮ್ಮ” ಎಂದರು. ಮಗಳು ಅತ್ತಳು. ಅಳುವಷ್ಟು ದೊಡ್ಡದಾಗಿದೆ ಎಂದು ಇವರಿಗೆ ಖಾತ್ರಿಯಾಯಿತು.

ರೋಗನಿರ್ಣಯಕ್ಕೂ ಬರವಿರಲಿಲ್ಲ. ಒಬ್ಬರು ಹೀಟು ಎಂದರು, ಇನ್ನೊಬ್ಬರು ವಾಯು. ಅತ್ತಿಗೆಯವರು ಸುಣ್ಣ-ಬೆಲ್ಲ ಕಲಸಿ ಹಚ್ಚಿದರು. ಗಂಟು ಇದ್ದಲ್ಲೇ ಇತ್ತು, ಮೇಲಿನ ಚರ್ಮ ಮಾತ್ರ ಸುಟ್ಟು ಸುಲಿಯಿತು. ಮೆಡಿಕಲ್ ಶಾಪಿನ ಹುಡುಗ ಮೂರು ದಿನದ ಆ್ಯಂಟಿಬಯಾಟಿಕ್ ಜೊತೆಗೆ ಒಂದು ಪುಟ್ಟ ಬಿಳಿ ಸ್ಟೀರಾಯ್ಡ್ ಮಾತ್ರೆಯನ್ನೂ ಕತ್ತರಿಸಿ ಕೊಟ್ಟ. ಡಾಕ್ಟರುಗಳಿಗೆ ಮೈ ಉರಿಯುವುದು ಇಂಥದ್ದಕ್ಕೇ. ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಜಾತಿಯದಾಗಿದ್ದರೆ ಸ್ಟೀರಾಯ್ಡ್‌ಗೆ ತಾತ್ಕಾಲಿಕವಾಗಿ ಕುಗ್ಗಿ, ಮುಂದೆ ತುಣುಕು ತೆಗೆದು ಪರೀಕ್ಷಿಸಿದರೂ ಗುರುತು ಸಿಗದಂತಾಗಬಹುದು. ಪುಣ್ಯಕ್ಕೆ ರಾಯರು, ಬಿಳಿ ಮಾತ್ರೆ ಉಷ್ಣವೆಂದು ಅದನ್ನು ತುಳಸಿ ಕಟ್ಟೆಯ ಮೇಲಿಟ್ಟು ಮರೆತರು.

ಅಷ್ಟರಲ್ಲಿ ಅವರ ಮೊಬೈಲಿಗೆ ಹೊಸ ಜ್ಞಾನ ಬಂತು: ಅದು ದುಗ್ಧರಸ ಗ್ರಂಥಿಯಂತೆ, ಮೈಯಲ್ಲಿ ಸುಮಾರು 600 ಇವೆಯಂತೆ. ಕತ್ತು, ಕಂಕುಳು, ತೊಡೆಸಂದಿಯಲ್ಲಿ ಗುಂಪಾಗಿದ್ದು, ಹತ್ತಿರದಲ್ಲಿ ಸೋಂಕು ತಗುಲಿದರೆ ಊದಿಕೊಳ್ಳುತ್ತವೆ. ನೆಗಡಿ, ಗಂಟಲುನೋವು, ಹುಳುಕು ಹಲ್ಲು, ಕಾಲಿನ ಗಾಯ, ಮಕ್ಕಳಲ್ಲಿ ತಲೆಹೇನು ಕೆರೆದ ಹುಣ್ಣು ಕೂಡ ಸಾಕು. ಮೆತ್ತಗಿದ್ದು, ನೋಯುತ್ತಾ, ಬೆರಳಿಗೆ ಜಾರಿದರೆ ಎರಡರಿಂದ ನಾಲ್ಕು ವಾರದಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ರಾಯರು ಇಷ್ಟಕ್ಕೆ ನೆಮ್ಮದಿಯಾಗಬೇಕಿತ್ತು. ಬದಲಿಗೆ ಉಳಿದ 599 ಎಲ್ಲೆಲ್ಲಿವೆ ಎಂದು ಹುಡುಕತೊಡಗಿದರು. ಹಗಲೆಲ್ಲ ಒತ್ತಿ ಒತ್ತಿ ಕತ್ತು ಕೆಂಪಾಯಿತು. ಹಾಗೆ ಚಿವುಟುತ್ತಿದ್ದರೆ ಇಳಿಯುವ ಗಂಟಿಗೂ ಇಳಿಯಲು ಪುರುಸೊತ್ತು ಸಿಗುವುದಿಲ್ಲ.

ಮುನ್ನೂರು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಇವರಿಗೆ ಮುಟ್ಟುವವರ ದರ್ಜೆಯಾದರೂ ಏರುತ್ತಿತ್ತು. ಗಂಡಮಾಲೆ, ಅಂದರೆ ಕತ್ತಿನ ಗ್ರಂಥಿಗಳ ಕ್ಷಯ, ದೊರೆ ಮುಟ್ಟಿದರೆ ವಾಸಿಯಾಗುತ್ತದೆಂದು ಅಲ್ಲಿನವರು ನಂಬಿದ್ದರು. ಮುಂದೆ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ನನನ್ನು 1712ರಲ್ಲಿ, ಇನ್ನೂ ಪುಟ್ಟ ಕೂಸಾಗಿದ್ದಾಗ, ಆ್ಯನ್ ರಾಣಿ ಮುಟ್ಟಿದ್ದಳು. ವಾಸಿಯಾಗಲಿಲ್ಲ, ಕೊಯ್ದ ಗಾಯದ ಕಲೆ ಕೊನೆತನಕ ಉಳಿಯಿತು. ಗಂಡಮಾಲೆಗೆ ಕಾರಣವಾದ ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟದ್ದು 1882ರಲ್ಲಿ.

ಕಡೆಗೆ ರಾಯರ ಫೈಲನ್ನು ಮೇಲಕ್ಕೆ ಕಳಿಸಿದವನು ಕ್ಷೌರದವನೇ. “ತಿಂಗಳಾಯ್ತು ಸಾರ್, ಡಾಕ್ಟ್ರಿಗೆ ತೋರಿಸ್ದೆ ಬಂದ್ರೆ ಕತ್ತಿ ಮುಟ್ಟಲ್ಲ” ಎಂದ. ಹೆಂಡತಿ ಜೊತೆಗೆ ಹೊರಟರು.

ಡಾಕ್ಟರಮ್ಮ ಕತ್ತು, ಕಂಕುಳು, ಕೊರಳೆಲುಬಿನ ಮೇಲಿನ ಗುಂಡಿ, ಎಲ್ಲವನ್ನೂ ಒತ್ತಿ ನೋಡಿ ವಿಚಾರಣೆ ಶುರುಮಾಡಿದರು.

“ತೂಕ ಇಳಿದಿದೆಯಾ?”

“ತುಂಬಾ!”

“ಎರಡು ಕೆಜಿ ಏರಿದ್ದಾರೆ” ಎಂದರು ಹೆಂಡತಿ.

“ಸಂಜೆ ಹೊತ್ತು ಜ್ವರ?”

“ಒಳಜ್ವರ ಇರಬಹುದು.”

“ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುತ್ತೀರಾ?”

“ಬೆವರುತ್ತೇನೆ, ಡಾಕ್ಟ್ರೇ.”

“ಫ್ಯಾನ್ ಹಾಕೋಕೆ ಬಿಡಲ್ಲ, ಕರೆಂಟು ಸುಡುತ್ತೆ ಅಂತಾರೆ. ನಾನೂ ಬೆವರ್ತೀನಿ.”

“ಬಾಯಿ ತೆಗೀರಿ” ಎಂದರು ಡಾಕ್ಟರಮ್ಮ. ಬಲಗಡೆಯ ಕೆಳದವಡೆ ಹಲ್ಲು ಬುಡದಲ್ಲಿ ಕೀವು ತುಂಬಿಕೊಂಡು ಕೂತಿತ್ತು. “ಇದು ನೋಯಲ್ವಾ?”

“ಅದು ವರ್ಷದಿಂದ ನೋಯ್ತಾ ಇದೆ, ಬಿಡಿ. ನೀವು ಗಂಟಿನ ವಿಷಯ ಹೇಳಿ.”

ಹಲ್ಲು ಕಿತ್ತ ಮೇಲೆ ಗಂಟು ವಾರ ವಾರಕ್ಕೆ ಸಣ್ಣದಾಗುತ್ತಾ ಹೋಯಿತು. ಆದರೆ ಬೆರಳಿಗೆ ಅಂಟಿದ ಚಾಳಿ ಹೋಗಬೇಕಲ್ಲ, ಈಗ ಊರವರ ಕತ್ತು ಹಿಡಿಯತೊಡಗಿದರು. ಡಾಕ್ಟರಮ್ಮ ಹೇಳಿದ್ದನ್ನು ಡೈರಿಯಲ್ಲಿ ಬರೆದಿಟ್ಟಿದ್ದರು: ಕಲ್ಲಿನಂತೆ ಗಟ್ಟಿ, ನೋವಿಲ್ಲ, ಬುಡ ಅಲ್ಲಾಡುವುದಿಲ್ಲ, ಬೆಳೆಯುತ್ತಿದೆ, ಎರಡು ಸೆಂಟಿಮೀಟರು ದಾಟಿದೆ, ಕೊರಳೆಲುಬಿನ ಮೇಲಿದೆ, ನಾಲ್ಕು ವಾರವಾದರೂ ಇಳಿದಿಲ್ಲ, ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿತ ಇದ್ದರಂತೂ ತಡಮಾಡುವಂತಿಲ್ಲ. ಊರಿಗೆ ಊರೇ ಹೆದರುವುದು ನೋಯುವ ಗಂಟಿಗೆ. ಡಾಕ್ಟರಮ್ಮನಿಗೆ ಹೆಚ್ಚು ಅನುಮಾನ ನೋಯದೆ ಕೂತಿದ್ದರ ಮೇಲೆ.

ಹಾಗೆ ಗೇಟಿನಲ್ಲಿ ತಡೆದು ಹಿಡಿದ ಕತ್ತುಗಳಲ್ಲಿ ಪೇಪರ್ ಹಾಕುವ ಹುಡುಗನದೂ ಒಂದು. ಮೂರು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. “ನೋಯಲ್ಲ ಸಾರ್, ದೀಪಾವಳಿಯಿಂದ ಇದೆ” ಎಂದ. ಆಗ ಯುಗಾದಿ ಹತ್ತಿರವಾಗಿತ್ತು. ರಾಯರು ಅವನ ಸೈಕಲ್ಲನ್ನು ಕಾಂಪೌಂಡಿನೊಳಗಿಟ್ಟು ಬೀಗ ಹಾಕಿ, ಆಟೋ ಹತ್ತಿಸಿ, ಸರ್ಕಾರಿ ಆಸ್ಪತ್ರೆಯ ಕ್ಯೂನಲ್ಲಿ ತಾವೇ ನಿಂತರು. ಸೂಜಿ ಚುಚ್ಚಿ ರಸ ತೆಗೆದು ಪರೀಕ್ಷೆಗೆ ಕಳಿಸಿದರು. ಗ್ರಂಥಿಯ ಕ್ಷಯ ಎಂದು ಬಂತು. ಆರು ತಿಂಗಳ ಮಾತ್ರೆ, ಪೂರ್ತಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ. ಶ್ವಾಸಕೋಶದಲ್ಲಿ ಏನೂ ಇಲ್ಲವೆಂದು ಎಕ್ಸ್‌ರೇ ನೋಡಿ ಹೇಳಿದರು. ಗ್ರಂಥಿಯಲ್ಲಷ್ಟೇ ಇರುವ ಕ್ಷಯ ಇನ್ನೊಬ್ಬರಿಗೆ ಅಂಟುವುದಿಲ್ಲ. ಅವನು ಪೇಪರ್ ಹಾಕುತ್ತಲೇ ಇದ್ದಾನೆ.

ಬಡಾವಣೆಯವರು ರಾಯರನ್ನು ಹೊಗಳಿದ್ದೇ ಹೊಗಳಿದ್ದು. ಅವರು ಮಾತ್ರ ಅಷ್ಟೇನೂ ಅರಳಲಿಲ್ಲ. ಮೊನ್ನೆ ಏರಿಯ ಮೇಲೆ ಸಿಕ್ಕಾಗ ಮಫ್ಲರ್ ಸರಿಮಾಡಿಕೊಳ್ಳುತ್ತಾ ಹೇಳಿದರು: “ಆ ಹುಡುಗನಿಗೆ ಸೂಜಿ ಹಾಕಿದ್ರು, ಎಕ್ಸ್‌ರೇ ತೆಗೆದ್ರು, ದೊಡ್ಡ ಫೈಲೇ ಮಾಡಿಕೊಟ್ರು. ಮೂವತ್ತೆಂಟು ವರ್ಷ ಸರ್ವೀಸ್ ಮಾಡಿದವನು ನಾನು. ನನ್ನದನ್ನ ಹಲ್ಲಿನ ಖಾತೆಗೆ ಹಾಕಿ ಮುಗಿಸಿಬಿಟ್ರಲ್ಲ, ಸ್ವಾಮಿ!”